ಬಳೆ ಮಾರಿದ ಸ್ವಿಸ್ ಅಜ್ಜಿ

ದೋಹಾದ ಒಂದು ಮಾಲಿನಲ್ಲಿ ಸ್ವಿಸ್ ವಾಚು ಮಾರುವವನು ನಾನು. ಬಾಯಿ ಸುಮ್ಮನಿರದವನಿಗೆ ತಿಂಗಳಿಗೊಂದು ಫಜೀತಿ ತಪ್ಪುವುದಿಲ್ಲ ಮಾರಾಯ್ರೆ, ನನಗಂತೂ ತಪ್ಪಿಲ್ಲ.

ಪಾಲು

ನಮ್ಮ ಕಂಪನಿಯ ಚರಿತ್ರೆಯ ಪುಸ್ತಕವೊಂದು ಉಂಟು. ಬೆಟ್ಟದೂರಿನ ಬಡ ರೈತನೊಬ್ಬ ಹಿಮ ಬಿದ್ದು ಹೊಲದ ಕೆಲಸ ನಿಂತಾಗ ಕಿಟಕಿಯ ಬಳಿ ಕೂತು ವಾಚು ಮಾಡಲು ಶುರು ಮಾಡಿದ, ನಾಲ್ಕು ತಲೆಮಾರಾದರೂ ಕಂಪನಿ ಅದೇ ಕುಟುಂಬದ ಕೈಯಲ್ಲಿದೆ. ಇಷ್ಟನ್ನು ಗಿರಾಕಿಗೆ ಹೇಳಲೇಬೇಕೆಂದು ಮ್ಯಾನೇಜರನ ಕಟ್ಟಪ್ಪಣೆ.

ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ನಮ್ಮ ಮಂಗಳೂರಿನ ಹಾಜಿಯವರು ಒಮ್ಮೆ ಹೆಂಡತಿಯ ಜೊತೆ ಬಂದರು. ಕಥೆಯೆಲ್ಲ ಕೇಳಿ, "ನಾಲ್ಕು ತಲೆಮಾರಾಯಿತು, ಯಾರೂ ಪಾಲು ಕೇಳಲಿಲ್ಲವಾ? ನಾವು ಮೂರು ಜನ ಅಣ್ಣತಮ್ಮಂದಿರು ಒಂದು ಬಾವಿಗಾಗಿ ಹನ್ನೆರಡು ವರ್ಷ ಕೋರ್ಟಿಗೆ ಅಲೆದೆವು" ಅಂದರು.

"ಅಲ್ಲಿ ಹಿಮ ಬಿದ್ದು ದಾರಿಯೇ ಮುಚ್ಚಿರುತ್ತದೆ ಹಾಜಿಯವರೇ. ಕೋರ್ಟಿಗೆ ಹೋಗುವುದು ಹೇಗೆ?"

ಹಾಜಿಯವರು ಯೋಚಿಸಿ, "ಹೌದು, ನಮ್ಮದು ಹವೆಯದ್ದೇ ತಪ್ಪು" ಅಂದರು.

ಬಳೆ

ನಗು ನಿಂತ ಮೇಲೆ ಹಾಜಿಯವರ ಹೆಂಡತಿ ಕೇಳಿದರು: "ಬಡ ರೈತ ಅಂತೀರಿ. ಹತಾರಕ್ಕೆ ಬಂಡವಾಳ ಎಲ್ಲಿಂದ ಬಂತು ಮಗಾ?"

ಪುಸ್ತಕದಲ್ಲಿ 'ಧೈರ್ಯದಿಂದ ಆರಂಭಿಸಿದ' ಅಂತ ಮಾತ್ರ ಇತ್ತು. ನನ್ನ ನಾಲಿಗೆಗೆ ಎಲುಬಿಲ್ಲವಲ್ಲ, "ಹೆಂಡತಿ ಕೈಯ ಬಳೆ ಮಾರಿದಳು ಅಮ್ಮಾ" ಅಂದುಬಿಟ್ಟೆ.

ಅವರ ಕಣ್ಣು ತುಂಬಿತು. ಹಾಜಿಯವರ ಮೊದಲ ಅಂಗಡಿಗೆ ಹೋದದ್ದೂ ಅವರ ಬಳೆಯೇ ಅಂತೆ. "ತಗೊಳ್ಳಿ ಈ ವಾಚು" ಅಂದರು ಗಂಡನಿಗೆ. ಹಾಜಿಯವರು ಪರ್ಸಿಗೆ ಕೈ ಹಾಕಲೇಬೇಕಾಯಿತು.

ಅಂದಿನಿಂದ ಗಿರಾಕಿ ಯಾರೇ ಬರಲಿ, ಆ ಬಳೆ ನನ್ನ ಕೈ ಬಿಡಲಿಲ್ಲ. ಎರಡಿದ್ದದ್ದು ನಾಲ್ಕಾಯಿತು, ಮರುತಿಂಗಳು ಜೊತೆಗೊಂದು ಸರ ಸೇರಿತು. ಬಿನ್ ಮಹಮೂದ್ ಬಡಾವಣೆಯ ನಮ್ಮ ಮನೆಯಲ್ಲಿ ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ.

ಅವಳು, "ಏನು ಬೇಕಾದರೂ ಮಾರಿ, ಆ ಹೆಂಗಸಿನ ಕರಿಮಣಿಗೆ ಮಾತ್ರ ಕೈ ಹಾಕಬೇಡಿ" ಅಂದಳು.

ಹಸು

ಒಂದು ದಿನ ಮ್ಯಾನೇಜರ್ ಎಲ್ಲರನ್ನೂ ಕರೆದ. "ಕುಟುಂಬದ ಮೇಡಂ ಬರ್ತಿದ್ದಾರೆ, ನಾಲ್ಕನೇ ತಲೆಮಾರು. ಅವರ ಎದುರು ಚರಿತ್ರೆ ಹೇಳಬೇಕು. ಪುಸ್ತಕದಲ್ಲಿ ಇಲ್ಲದ ಒಂದು ಮಾತು ಬಂದರೂ ಖಲಾಸ್, ಊರಿಗೆ ಟಿಕೆಟ್."

ಹೆಂಡತಿ, ಮಗಳು ಇಬ್ಬರೂ ಇಲ್ಲಿರುವುದು ನನ್ನ ವೀಸಾದ ಮೇಲೆ. ಮಗಳಿಗೆ ಆ ವರ್ಷ ಹತ್ತನೇ ಕ್ಲಾಸು. ಪುಸ್ತಕವನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದೆ.

ಮೇಡಂ ಬಂದರು. ಬಿಳಿಗೂದಲಿನ, ಸಣಕಲು ಹೆಂಗಸು. ನಾನು ಮಗ್ಗಿ ಒಪ್ಪಿಸಿದ ಹಾಗೆ ಪುಸ್ತಕ ಒಪ್ಪಿಸಿದೆ. 'ಧೈರ್ಯದಿಂದ ಆರಂಭಿಸಿದ' ಅಂತ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಬಂದರಲ್ಲ ಹಾಜಿಯವರು, ವಾಚಿನ ಪಟ್ಟಿ ಬದಲಿಸಲಿಕ್ಕೆ! ಮೇಡಂ ಯಾರೆಂದು ತಿಳಿದದ್ದೇ ಎದೆಗೆ ಕೈ ಇಟ್ಟು ತಮ್ಮ ಇಂಗ್ಲಿಷಿನಲ್ಲಿ ಹೇಳಿದರು: "ಮೇಡಂ, ಯುವರ್ ಗ್ರ್ಯಾಂಡ್‌ಮದರ್ ವೆರಿ ಗ್ರೇಟ್! ಆಲ್ ಬ್ಯಾಂಗಲ್ಸ್ ಸೋಲ್ಡ್!"

ಮೇಡಂ ಹುಬ್ಬೇರಿಸಿದರು. "ಯಾರು ಹೇಳಿದರು?"

ಹಾಜಿಯವರು ಅಭಿಮಾನದಿಂದ ನನ್ನ ಬೆನ್ನು ತಟ್ಟಿದರು.

ಮ್ಯಾನೇಜರನ ಮುಖ ಬಿಳುಚಿತು. ನನ್ನ ಕಣ್ಣಿಗೆ ಏರ್‌ಪೋರ್ಟೇ ಕಂಡಿತು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? "ನಾನೇ ಕಟ್ಟಿದ್ದು ಮೇಡಂ. ಬಂಡವಾಳ ಎಲ್ಲಿಂದ ಬಂತು ಅಂತ ಗಿರಾಕಿ ಕೇಳಿದರು. ಪುಸ್ತಕದಲ್ಲಿ ಇರಲಿಲ್ಲ. ನಮ್ಮ ಕಡೆ ಅಂಗಡಿ ಶುರುವಾಗುವುದು ಹಾಗೆಯೇ" ಅಂದೆ.

ಮೇಡಂ ಕೌಂಟರ್ ಹಿಡಿದುಕೊಂಡು ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ತನಕ!

"ಬಳೆಯಲ್ಲ, ಹಸು! ಮುತ್ತಜ್ಜಿ ತವರಿಂದ ತಂದ ಹಸು. ಅದನ್ನು ಮಾರಿ ಮುತ್ತಜ್ಜನಿಗೆ ಹತಾರ ಕೊಡಿಸಿದಳು. ನಮ್ಮಜ್ಜಿ ಸಾಯುವ ತನಕ ಹೇಳುತ್ತಿದ್ದರು. ಪುಸ್ತಕ ಬರೆದವರು ಮಾತ್ರ ಕೇಳಲೇ ಇಲ್ಲ. ಮುಂದಿನ ಪುಸ್ತಕದಲ್ಲಿ ಹಾಕಿಸುತ್ತೇನೆ."

ನಮ್ಮೂರ ದೈವಗಳಿಗೆಲ್ಲ ಮನಸ್ಸಿನಲ್ಲೇ ಕೈ ಮುಗಿದೆ. ಹಿಂದಿನ ಕೋಣೆಗೆ ಓಡಿ ಹೆಂಡತಿಗೆ ಫೋನು ಮಾಡಿ, "ಉಳಿದೆ ಮಾರಾಯ್ತಿ!" ಅಂದೆ. ಅವಳು ಅತ್ತೇಬಿಟ್ಟಳು.

ತಿರುಗಿ ಬಂದರೆ ಮ್ಯಾನೇಜರ್ ಮೇಡಂಗೆ ಹೇಳುತ್ತಿದ್ದ: "ಗಿರಾಕಿಯ ಪ್ರಶ್ನೆಗೆ ಉತ್ತರ ಇಲ್ಲ ಅನ್ನಬಾರದು ಅಂತ ನಾನೇ ಇವನಿಗೆ ಕಲಿಸಿದ್ದು."

ಸತ್ಯ

ಹೊಸ ಪುಸ್ತಕ ಬಂತು. ಮೂರನೇ ಪುಟದಲ್ಲಿ ಹಸು, ಚಿತ್ರ ಸಮೇತ. ಇನ್ನು ಸುಳ್ಳಿನ ಹಂಗಿಲ್ಲವೆಂದು ಮನಸ್ಸು ಹಗುರಾಯಿತು.

ಆ ವಾರವೇ ಹಾಜಿಯವರ ಹೆಂಡತಿ ಅಳಿಯನಿಗೆ ವಾಚು ಕೊಡಿಸಲು ಗಂಡ, ಅಳಿಯ ಇಬ್ಬರನ್ನೂ ಕರೆದುಕೊಂಡು ಬಂದರು. "ಆ ಬಳೆಯ ಕಥೆ ಇವನಿಗೂ ಹೇಳಿ ಮಗಾ" ಅಂದರು. ನಾನು ಎದೆ ತಟ್ಟಿ ಹಸುವಿನ ಕಥೆ ಹೇಳಿದೆ. ಅವರ ಹಿಂದೆ ನಿಂತ ಹಾಜಿಯವರು 'ಬೇಡ, ಬೇಡ' ಅಂತ ಕೈಸನ್ನೆ ಮಾಡುತ್ತಲೇ ಇದ್ದರು. ಪಾಪ, ಹಸುವಿನ ವಿಷಯ ಮನೆಯಲ್ಲಿ ಹೇಳಲು ಅವರಿಗೆ ಈ ತನಕ ಧೈರ್ಯ ಬಂದಿರಲಿಲ್ಲ.

"ಎಂತ ಹಸು? ಬಳೆ ಎಲ್ಲಿ ಹೋಯಿತು?" ಅಂದರು ಅವರ ಹೆಂಡತಿ.

ಪುಸ್ತಕ ಬಿಡಿಸಿ ಚಿತ್ರ ತೋರಿಸಿದೆ. ಅವರು ಅದನ್ನು ಪಟ್ಟನೆ ಮುಚ್ಚಿ ನನ್ನ ಕೈಗೇ ಕೊಟ್ಟರು.

"ಪುಸ್ತಕ ಬರೆದದ್ದು ಗಂಡಸರಲ್ಲವಾ, ಬಳೆ ಮುಚ್ಚಿಟ್ಟು ಹಸು ತೋರಿಸಿದ್ದಾರೆ. ನೀವು ಮೊದಲು ಎಷ್ಟು ಸತ್ಯವಂತರಾಗಿದ್ದಿರಿ ಮಗಾ, ಈಗ ವ್ಯಾಪಾರ ಕಲಿತುಬಿಟ್ಟಿರಿ!"