ಮೇಲಿನ ಮನೆಯ ಗಿಟಾರು

ಟಕ್.

ಇಲಿ ಕಡಲೆಬೀಜ ಕಡಿದಷ್ಟೇ ಸದ್ದು. ಆಮೇಲೆ ತುಸು ಹೊತ್ತು ಸುಂಯ್ ಎನ್ನುವ ಗಾಳಿ. ಅದರ ಬೆನ್ನಿಗೆ ಗಿಟಾರು, ಗಿಟಾರಿನ ಬೆನ್ನಿಗೆ ಯಾವನೋ ಹುಡುಗನ ಇಂಗ್ಲಿಷ್ ಗೋಳು. ಸಂಗನಬಸಪ್ಪನವರು ಕತ್ತಲಲ್ಲಿ ಎದ್ದು ಕೂತರು. ಹೋದ ಅಮಾವಾಸ್ಯೆಯಿಂದ ಇದೇ ಹಾಡು. ಮುಗಿಯುತ್ತದೆ, ಮತ್ತೆ ಟಕ್, ಮತ್ತೆ ಅದೇ.

"ಜಯಾ, ಕೇಳಸ್ತದೇನ?"

"ಮಲಕ್ಕೋರಿ ಸುಮ್ಮನ," ಎಂದು ಹೆಂಡತಿ ಜಯದೇವಿ ಮಗ್ಗಲು ಬದಲಿಸಿದರು. ಆಕೆ ಈಸ್ಟ್ ಸ್ಟೇಷನ್ನಿನ ಗೂಡ್ಸ್ ಗಾಡಿಗೇ ಏಳುವವರಲ್ಲ, ಗಿಟಾರಿಗೆ ಏಳುತ್ತಾರೆಯೆ?

ಹಾಡು ಬಚ್ಚಲುಮನೆಯ ಪಕ್ಕ ಎಲ್ಲ ಮನೆಗಳ ಗಾಳಿಗೆಂದು ಬಿಟ್ಟ ಡಕ್ಟಿನಿಂದ ತೇಲಿ ಬರುತ್ತಿತ್ತು. ಮೇಲೆ ಇರುವುದು ಚಾಂದ್ ಬೀ ಮನೆ. ಅವರ ಮಗ ಸೈಫ್ ಕಾಲೇಜು ಹುಡುಗ. ತಲೆಗೂದಲು ಮುಳ್ಳುಹಂದಿಯ ಹಾಗೆ, ಬೆನ್ನ ಮೇಲೆ ಸದಾ ಗಿಟಾರು. ಇನ್ನು ಸಾಕ್ಷಿ ಯಾಕೆ ಬೇಕು? ಸಂಗನಬಸಪ್ಪನವರು ನೀರು ಕುಡಿಯಲು ಎದ್ದರು. ಚಿಕ್ಕ ಕೋಣೆಯಲ್ಲಿ ತಾಯಿ ಪೀರಮ್ಮ ಬಾಗಿಲು ಮುಚ್ಚಿಕೊಂಡು ಮಲಗಿದ್ದರು. ಕಿವಿ ಮಂದ, ಪುಣ್ಯವಂತೆ, ಎಂದು ಮಗ ಹೊಟ್ಟೆಕಿಚ್ಚು ಪಟ್ಟರು.

ಮರುದಿನ ಇಂದಿರಾನಗರದ ವಿಮಾ ಕಚೇರಿಯಲ್ಲಿ ಅವರು ಕಾಗದಕ್ಕೆ ಹೊಡೆಯಬೇಕಾದ ಸೀಲನ್ನು ತಮ್ಮ ಮುಂಗೈಗೆ ಹೊಡೆದುಕೊಂಡರು. ತೂಕಡಿಕೆಯಲ್ಲಿ ಬಾಯಿ ತಾನಾಗಿಯೇ ಆ ಹಾಡನ್ನು ಗುನುಗುತ್ತಿತ್ತು. ಹೊಸದಾಗಿ ಸೇರಿದ ಅಂಜಲಿ ಕುರ್ಚಿ ಸಮೇತ ಜಾರಿಕೊಂಡು ಬಂದಳು.

"ಸರ್! ನೀವೂ ರಸ್ಟೆಡ್ ಲಾಕರ್ಸ್ ಫ್ಯಾನಾ?"

"ಯಾವ ಲಾಕರಮ್ಮ? ಕೀಲಿ ಕ್ಯಾಶಿಯರ್ ಹತ್ರ ಇರೋದು."

"ಬ್ಯಾಂಡ್ ಸರ್, ಅಮೆರಿಕದ್ದು. ಪಂಕ್ ಹುಡುಗ್ರು, ಯಾವಾಗ್ಲೂ ಕಿರುಚೋರು. ಇದೊಂದು ಹಾಡಲ್ಲಿ ಮಾತ್ರ ಡ್ರಮ್ಸ್ ಇಲ್ಲ, ಬರೀ ಗಿಟಾರು. ಎಷ್ಟು ಚೆನ್ನಾಗಿದೆ ಅಲ್ವಾ? ಆದ್ರೆ ಇ.ಪಿ. ವೇಸ್ಟು. ಅಂದ್ರೆ ಐದೇ ಹಾಡಿನ ಪುಟ್ಟ ಆಲ್ಬಮ್ಮು. ಇದೊಂದಕ್ಕೋಸ್ಕರ ಉಳಿದ ನಾಲ್ಕನ್ನೂ ತಗೋಬೇಕು. ಬದನೆಕಾಯಿ ಜೊತೆ ಹುಳಾನೂ ತೂಕಕ್ಕೆ ಹಾಕ್ದಂಗೆ."

ಪಕ್ಕದ ಮೇಜಿನ ಇನಾಯತ್ ಉಲ್ಲಾ ಕನ್ನಡಕ ತೆಗೆದರು. "ಉಲ್ಟಾ ಹೇಳ್ತೀಯಮ್ಮ. ನನ್ ಮಗ ಹೇಳ್ತಾನೆ, ಉಳಿದ ನಾಲ್ಕೇ ಅಸಲಿ ಮಾಲು. ಈ ಮೆತ್ತಗಿನ ಹಾಡು ಬರೀ ಅಳೋರಿಗಂತೆ."

ಇಬ್ಬರೂ ಜಗಳಕ್ಕೆ ನಿಂತರು. ಸಂಗನಬಸಪ್ಪನವರು ನಡುವೆ ಕೂತು ಆರಾಮಾಗಿ ಗೊರಕೆ ಹೊಡೆದರು. ಎಚ್ಚರವಾದಾಗ ಎದುರಿಗೆ ಮ್ಯಾನೇಜರು.

"ನೋಡ್ರೀ, ಇನ್ನೊಂದು ಸಲ ಇಲ್ಲಿ ನಿದ್ದೆ ಮಾಡಿದ್ರೆ ಕೆ.ಆರ್.ಪುರದ ರೆಕಾರ್ಡ್ ರೂಮಿಗೆ ಹಾಕ್ತೀನಿ. ಅಲ್ಲಿ ಜಿರಲೆಗಳಿಗೆ ನಿಮ್ಮ ಗೊರಕೆ ಅಭ್ಯಾಸ ಆಗುತ್ತೆ."

ಅವತ್ತು ಸಂಜೆಯೇ, ಸರ್ವಜ್ಞನಗರದಲ್ಲಿ ಅವರಿದ್ದ ಕಟ್ಟಡದ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಸಭೆ ಸೇರಿತು. ಸಂಗನಬಸಪ್ಪನವರೇ ಮನೆಮನೆ ಬಾಗಿಲು ಬಡಿದು ಕರೆದಿದ್ದರು. ನಿವಾಸಿಗಳ ಸಂಘದ ಸೆಕ್ರೆಟರಿ ವೆಂಕಟಸ್ವಾಮಿ ಇಸ್ತ್ರಿ ಶರಟು ಹಾಕಿಕೊಂಡು ಬಂದರು. ಪೀರಮ್ಮನನ್ನು ಕೈಹಿಡಿದು ತಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎಲ್ಲರಿಗೂ ಕಾಣುವಂತೆ ಕೂರಿಸಲಾಯಿತು.

ಗಲಾಟೆಯ ವಿಷಯ ಎತ್ತಿದ್ದೇ ತಡ, ಎಲ್ಲರೂ ಹಾಡಿನ ವಿಷಯ ಎತ್ತಿದರು.

"ಪಾಪ, ಚೆನ್ನಾಗಿರತ್ತೆ ಕಣ್ರೀ," ಎಂದರು ಕೆಳಮನೆಯ ಮಂಜುಳಮ್ಮ. "ನಾನು ಅದನ್ನ ಕೇಳ್ಕೊಂಡೇ ನಿದ್ದೆ ಮಾಡೋದು."

"ಗಿಟಾರು ಓಕೆ. ವಾಯ್ಸಲ್ಲಿ ದಮ್ಮಿಲ್ಲ," ಎಂದರು ವೆಂಕಟಸ್ವಾಮಿ. "ನಮ್ ಕಾಲದಲ್ಲಿ ಕಬ್ಬನ್ ಪಾರ್ಕಲ್ಲಿ ಬ್ಯಾಂಡ್ ಬಾರಿಸ್ತಿದ್ರು ನೋಡಿ, ಅದು ಮ್ಯೂಸಿಕ್ಕು."

"ನನ್ ಮಗಾ ಹಾಡು ಹಾಕಿದ್ರೆ ಬಿಲ್ಡಿಂಗೇ ಅಲ್ಲಾಡ್ತದೆ ಜೀ," ಎಂದರು ಚಾಂದ್ ಬೀ. "ಇಷ್ಟು ಮೆಲ್ಲಗೆ ಹಾಕೋದು ಅವನಿಗೆ ಬರೋದೇ ಇಲ್ಲ."

ಸಂಗನಬಸಪ್ಪನವರಿಗೆ ರೇಗಿತು. ಹಾಡು ಚೆನ್ನಾಗಿದೆಯೋ ಇಲ್ಲವೋ ಎಂದು ಕೇಳಲು ಇವರನ್ನು ಕರೆದದ್ದೆ? ಅವರು ತಾಯಿಯತ್ತ ಕೈ ಚಾಚಿದರು.

"ನನ್ನ ಮಾತು ಬಿಡ್ರಿ. ಈ ಮುದುಕಿ ಮುಖಾ ನೋಡ್ರಿ! ರಾತ್ರಿಯೆಲ್ಲ ಈಕೀಗೆ ನಿದ್ದಿ ಇಲ್ಲ!"

ಎಲ್ಲರೂ ಪೀರಮ್ಮನನ್ನು ನೋಡಿ ಲೊಚಗುಟ್ಟಿದರು. ಪೀರಮ್ಮ ಸೆರಗು ಸರಿಮಾಡಿಕೊಂಡರು.

ಸೈಫ್ ಮುಂದೆ ಬಂದ. ಹುಡುಗನ ಮುಖ ನೋವಿನಿಂದ ಕೆಂಪಾಗಿತ್ತು. "ಅಂಕಲ್, ಎಷ್ಟು ಬೇಕಾದ್ರೂ ಬೈರಿ. ಆದ್ರೆ ಆ ಹಾಡು ಕೇಳ್ತೀನಿ ಅಂತ ಮಾತ್ರ ಹೇಳ್ಬೇಡಿ. ಅದು ರೇಡಿಯೋಗೋಸ್ಕರ ಮಾಡಿದ್ದು. ಫ್ರೆಂಡ್ಸಿಗೆ ಗೊತ್ತಾದ್ರೆ ನನ್ನನ್ನ ನಮ್ ಬ್ಯಾಂಡಿಂದಾನೇ ಕಿತ್ತಾಕ್ತಾರೆ. ಉಳಿದ ನಾಲ್ಕು ಹಾಡಿಗೆ ಜೀವ ಬೇಕಾದ್ರೂ ಕೊಡ್ತೀನಿ. ಆ ನಾಲ್ಕನ್ನ ಬೇರೆ ಕಡೆ ಕಾಪಿ ಮಾಡ್ಕೊಂಡು, ಇದು ಬೇಡ ಅಂತಾನೇ ಕ್ಯಾಸೆಟ್ಟು ಕೊಟ್ಬಿಟ್ಟೆ."

"ಯಾರಿಗೆ ಕೊಟ್ಟಿ?"

ಸೈಫ್ ಬಾಯಿ ತೆರೆದ. ಸರಿಯಾಗಿ ಅದೇ ಹೊತ್ತಿಗೆ ಪೀರಮ್ಮನಿಗೆ ಕೆಮ್ಮು ಬಂತು, ಹಳೇ ಲೂನಾ ಸ್ಟಾರ್ಟ್ ಮಾಡಿದ ಹಾಗೆ. ಸಂಗನಬಸಪ್ಪನವರು ನೀರಿಗೆ ಓಡಿದರು. ಲೋಟ ಹಿಡಿದು ಬರುವಷ್ಟರಲ್ಲಿ ಹುಡುಗ ತಲೆ ತಗ್ಗಿಸಿ ನಿಂತಿದ್ದ.

"ಬಿಡಿ ಅಂಕಲ್. ನಾನೇ ಹಾಕಿದ್ದು ಅಂದ್ಕೊಳ್ಳಿ."

ಸಂಗನಬಸಪ್ಪನವರ ಎದೆ ಉಬ್ಬಿತು. ಶಿಕ್ಷೆ ಏನೆಂದು ಅವರು ಕಚೇರಿಯಿಂದ ಬರುವ ದಾರಿಯಲ್ಲೇ ಯೋಚಿಸಿಕೊಂಡಿದ್ದರು. ಕಾವೇರಿ ನೀರು ಬರುವುದು ಬೆಳಗಿನ ಜಾವ ನಾಲ್ಕಕ್ಕೆ. ಯಾರಾದರೂ ಎದ್ದು ಮೋಟರು ಹಾಕದಿದ್ದರೆ ಟ್ಯಾಂಕಿಗೆ ನೀರು ಏರುವುದಿಲ್ಲ. ಮನೆಗೊಂದು ತಿಂಗಳ ಪಾಳಿ. ನಾಳೆಯಿಂದ ಶುರುವಾಗಬೇಕಿದ್ದ ಪಾಳಿ ಅವರದೇ.

"ಯಾರ ಮನಿಯಿಂದ ಹಾಡು ಬಂತೋ, ಆ ಮನಿಯವರೇ ಈ ತಿಂಗಳು ಮೋಟರು ಹಾಕಲಿ!"

"ಫಸ್ಟ್ ಕ್ಲಾಸ್ ಐಡಿಯಾ ಸಾರ್," ಎಂದರು ವೆಂಕಟಸ್ವಾಮಿ. "ಯಾರ ಮನೆ ಆದ್ರೂ ಇದೇ ರೂಲು. ಎಲ್ರಿಗೂ ಒಪ್ಪಿಗೆನಾ?"

ಎಲ್ಲರ ಕೈಯೂ ಮೇಲಾಯಿತು. "ಮುಂದಿನ ವಾರ ಅವನ್ದು ಪರೀಕ್ಷೆ ಇದೆ," ಎಂದು ಚಾಂದ್ ಬೀ ಮೆಲ್ಲಗೆ ಅಂದದ್ದು ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಸಂಗನಬಸಪ್ಪನವರು ಅವತ್ತು ಒಂದು ರೊಟ್ಟಿ ಹೆಚ್ಚಿಗೆ ಉಂಡರು. ದೀಪ ಆರಿಸಿ ಹೊದಿಕೆ ಎಳೆದುಕೊಂಡರು. ನಿದ್ದೆ ಸಾಕಿದ ಬೆಕ್ಕಿನ ಹಾಗೆ ಕಾಲ ಬುಡಕ್ಕೆ ಬಂದು ಮುದುಡಿತು.

ಟಕ್.

ಈ ಸಲ ಬಿಡಬಾರದೆಂದು ಅವರು ಲುಂಗಿ ಬಿಗಿದು ಬಾಗಿಲಿಗೆ ನಡೆದರು. ಮೇಲೆ ಹೋಗಿ ಹುಡುಗನನ್ನು ಕೈಯಲ್ಲೇ ಹಿಡಿಯಬೇಕು. ಕತ್ತಲಲ್ಲಿ ಚಪ್ಪಲಿ ತಡಕುವಾಗ ಗಿಟಾರು ಶುರುವಾಯಿತು. ಬಂದದ್ದು ಮೇಲಿಂದಲ್ಲ, ಎಡಗಿವಿಯ ಪಕ್ಕದಿಂದ. ಅವರು ಚಿಕ್ಕ ಕೋಣೆಯ ಬಾಗಿಲು ತಳ್ಳಿದರು.

ಪೀರಮ್ಮ ವಚನ ಕೇಳುವ ತಮ್ಮ ಟೇಪ್ ರೆಕಾರ್ಡರನ್ನು ಕೂಸಿನ ಹಾಗೆ ತಬ್ಬಿಕೊಂಡು, ಕಿವಿ ಅದಕ್ಕೆ ಆನಿಸಿ ಕೂತಿದ್ದರು. ತಲೆಯ ಮೇಲೆ ಡಕ್ಟಿನ ಕಿಟಕಿ ಹಾರು ಹೊಡೆದಿತ್ತು.

"ನಿನಗ ಕೇಳಿಸ್ತೇನೋ?" ಮುದುಕಿ ಬೆಚ್ಚಿದರು. "ನನಗ ಸರೀ ಕೇಳಂಗಿಲ್ಲ, ಮಂದಿಗೆಲ್ಲಿ ಕೇಳತೈತಿ ಅಂದ್ಕೊಂಡಿದ್ದೆ."

"ಯವ್ವಾ! ಇದು ನಿನ್ನ ಹತ್ರ ಹೆಂಗ ಬಂತು?"

"ನನ್ನ ವಚನದ ಕ್ಯಾಸೆಟ್ಟಿನ ರೀಲು ಸಿಕ್ಕಾಗಿತ್ತು. ಮ್ಯಾಲಿನ ಹುಡುಗ ಬಿಡಿಸಿಕೊಡ್ತೀನಿ ಅಂತ ಒಯ್ದ, ಅಲ್ಲೀತನಕ ಇದನ್ನ ಕೇಳ್ರಿ ಅಜ್ಜಿ ಅಂದ. ಮೊದಲನೇದ್ದು ಛಲೋ ಐತಿ ನೋಡು. ಯಾವ ತಾಯಿ ಮಗನೋ, ಊಟಕ್ಕ ಕರದ್ರೂ ಯಾರೂ ಬರದಂಗ ಹಾಡ್ತಾನ. ಉಳಿದ ನಾಕು ಬರೇ ಭಾಂಡೆ ಬಡದಂಗ. ಅದಕ್ಕ ಹಿಂದಕ್ಕ ತಿರುಗಿಸಿ ಇದನ್ನ ಹಚ್ಚತೀನಿ."

"ಸಭಾದಾಗ ಯಾಕ ಹೇಳಲಿಲ್ಲ?"

"ನೀ ಅಷ್ಟು ಮಂದ್ಯಾಗ ನನ್ನ ಮುಖಾ ತೋರಿಸಿ ಕೂಗಾಕತ್ತಿದ್ದಿ. ನಿನ್ನ ಮಾನ ಹೆಂಗ ಕಳೀಲಿ? ಹುಡುಗಗ ಕಣ್ಣಾಗ ಹೇಳಿದೆ. ಶಾಣ್ಯಾ, ತಿಳಕೊಂಡ." ಪೀರಮ್ಮ ಗುಂಡಿಯ ಮೇಲೆ ಬೆರಳಿಟ್ಟರು. "ಇದಿಲ್ಲಂದ್ರ ನಿದ್ದಿ ಬರಂಗಿಲ್ಲಪಾ. ಬಂದ್ ಮಾಡ್ಲೇನು?"

ಸಂಗನಬಸಪ್ಪನವರು ತಾಯಿಯ ಬೆರಳು ನೋಡಿದರು.

"ಬ್ಯಾಡ. ಸಣ್ಣಗ ಹಚ್ಚು," ಎಂದು ತಾವೇ ಸದ್ದು ತಗ್ಗಿಸಿ, ಡಕ್ಟಿನ ಕಿಟಕಿ ಮುಚ್ಚಿ ಹೊರಬಂದರು. ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಸದ್ದು ಮತ್ತೆ ಮೊದಲಿನಷ್ಟೇ ಏರಿತ್ತು.

ಅವರು ಹಾಸಿಗೆಯ ತುದಿಯಲ್ಲಿ ಕೂತರು. ಸೆಕ್ರೆಟರಿಗೆ ಹೇಳಿದರೆ ನಾಳೆ ಇಡೀ ಕಟ್ಟಡ ನಗುತ್ತದೆ, ತಾಯಿ ತಲೆ ಎತ್ತಿ ಓಡಾಡುವಂತಿಲ್ಲ. ಹೇಳದಿದ್ದರೆ ಪರೀಕ್ಷೆಯ ಹುಡುಗ ತಿಂಗಳಿಡೀ ನಾಲ್ಕಕ್ಕೆ ಏಳಬೇಕು. ಬಹಳ ಹೊತ್ತು ಯೋಚಿಸಿ, ಅವರು ಗಡಿಯಾರ ಎತ್ತಿಕೊಂಡು ಅಲಾರಮನ್ನು ಮೂರೂವರೆಗೆ ತಿರುಗಿಸಿದರು. ಹುಡುಗ ಏಳುವ ಮೊದಲೇ ಹೋಗಿ ಮೋಟರು ಹಾಕಿಬಂದರಾಯಿತು.

ಗಡಿಯಾರದ ಕಿರಿಕಿರಿಗೆ, ಗೂಡ್ಸ್ ಗಾಡಿಗೂ ಏಳದ ಜಯದೇವಿ ಕಣ್ಣು ಬಿಟ್ಟರು. "ಏನಾತ್ರಿ? ಏನದು ಸಪ್ಪಳ?"

ಚಿಕ್ಕ ಕೋಣೆಯಲ್ಲಿ ಮತ್ತೆ ಟಕ್ ಎಂದಿತು.

"ಏನಿಲ್ಲ, ಮಲಕೋ," ಎಂದರು ಸಂಗನಬಸಪ್ಪನವರು. "ಇಲಿ."