ಗಿರಕಿಯ ಜಿಪಿಎಸ್

ಹೋದ ವಾರ ಅವನು ಮಂಜಿನಲ್ಲಿ ದಿಕ್ಕು ತಪ್ಪಿ, ಅರ್ಧ ದಿನ ಕಡಲಲ್ಲೇ ಸುತ್ತಿ, ಕೊನೆಗೊಂದು ಬಂದರು ಕಂಡಾಗ ದೋಣಿಯಿಂದಲೇ ಕೂಗಿ ಕೇಳಿದ್ದ: "ಯಜಮಾನ್ರೇ, ಇದು ಯಾವ ಊರು?"

ದಡದಲ್ಲಿ ನಿಂತಿದ್ದವರು ಅವನ ಸ್ವಂತ ಮಾವ. ಊರೂ ಅವನದೇ. ಅಂದಿನಿಂದ ಅವನಿಗೆ ಗಿರಕಿ ಎಂಬ ಹೆಸರು ಅಂಟಿಕೊಂಡಿತು.

ಹೆಂಡತಿ ತೀರ್ಪು ಕೊಟ್ಟೇಬಿಟ್ಟಳು. "ಇನ್ಮೇಲೆ ಅಪ್ಪನ್ನ ಜೊತೇಲಿ ಕರ್ಕೊಂಡು ಹೋಗಿ."

ಮಾವ ನಲವತ್ತು ವರ್ಷ ದೋಣಿ ನಡೆಸಿ ನಿವೃತ್ತರಾದವರು. ಬಾಯಿಗೆ ಮಾತ್ರ ನಿವೃತ್ತಿ ಸಿಕ್ಕಿರಲಿಲ್ಲ. ನಡುಗಡಲಲ್ಲಿ ಅವರಿಂದ ತಪ್ಪಿಸಿಕೊಂಡು ಓಡಲು ಜಾಗವಾದರೂ ಎಲ್ಲಿದೆ? ಗಿರಕಿ ಹೆದರಿ ಜಿಪಿಎಸ್ ತಂದ. "ಇವತ್ತು ಸಂಜೆ ನಾಲ್ಕಕ್ಕೆ ಹೊರಡೋ ಹೊತ್ತಿಗೆ ಅದು ಕೆಲಸ ಮಾಡಿದ್ರೆ ಒಬ್ರೇ ಹೋಗಿ, ಇಲ್ಲಾಂದ್ರೆ ಅಪ್ಪ ಬರ್ತಾರೆ" ಎಂದಳು ಹೆಂಡತಿ.

ಬೆಳಿಗ್ಗೆ ಅವನು ಬಿಳಿ ಅಣಬೆಯಂಥ ಆಂಟೆನಾವನ್ನು ಕ್ಯಾಬಿನ್ ಮೇಲಿಟ್ಟು ಸ್ಕ್ರೂ ತರಲು ಹೋದ. ಬರುವಷ್ಟರಲ್ಲಿ ಅದು ದೋಣಿಯ ಕಂಬದಂತೆಯೇ ಬೆಳ್ಳಿ ಬಣ್ಣದಲ್ಲಿ ಫಳಫಳ ಹೊಳೆಯುತ್ತಿತ್ತು. ಇದು ಹೆಂಡತಿಯದೇ ಕೆಲಸ. ಕಂಬಕ್ಕೆ ಬಳಿದು ಮಿಕ್ಕ ಬಣ್ಣವನ್ನು ಮನೆಯ ನಲ್ಲಿಗೂ ಬಳಿದವಳು ಅವಳು. ಗಿರಕಿಗೆ ಪ್ರೀತಿ ಉಕ್ಕಿತು.

ಆದರೆ ಸ್ಕ್ರೂ ಬಿಗಿದು ಸ್ವಿಚ್ ಹಾಕಿದರೆ ಪರದೆಯಲ್ಲಿ 'ಉಪಗ್ರಹ: ಸೊನ್ನೆ'.

"ರೇಡಿಯೋ ಪಕ್ಕ ಇಟ್ರೆ ಅದಕ್ಕೆ ಕಿವಿ ಕೇಳುತ್ತಾ? ಹಿಂದಕ್ಕೆ ಹಾಕು" ಎಂದ ಬಲೆ ಹೆಣೆಯುವವನು. ಹಿಂದಕ್ಕೆ ಹಾಕಿದ. ಸೊನ್ನೆ. ಮಂಜುಗಡ್ಡೆ ಮಾರುವವನು ಮುಂದಕ್ಕೆ ಹಾಕಿಸಿದ. ಅಲ್ಲೂ ಸೊನ್ನೆ. ಮಾವನ ಉತ್ಸಾಹವಂತೂ ಹೇಳತೀರದು. ಹಗ್ಗದ ಸುರುಳಿಯ ಮೇಲೆ ಕೂತು, "ಇನ್ನೂ ಮೇಲೆ ಕಟ್ಟಪ್ಪಾ, ಇನ್ನೂ ಮೇಲೆ!" ಎಂದು ಹುರಿದುಂಬಿಸುತ್ತಲೇ ಇದ್ದರು.

ಗಿರಕಿ ಕಂಬದ ತುದಿಗೇ ಹತ್ತಿದ. ಅಂಗಿ ಕೊಕ್ಕೆಗೆ ಸಿಕ್ಕಿ, ಒಣಹಾಕಿದ ಮೀನಿನಂತೆ ನೇತಾಡಿದ.

"ಅಯ್ಯೋ, ಇಳಿಸ್ರಪ್ಪಾ!"

"ಅಲ್ಲಾಡ್ಬೇಡ, ಪರದೆ ನೋಡ್ತಿದ್ದೀವಿ" ಎಂದರು ಕೆಳಗಿನವರು.

"ಬಂತಾ?"

"ಸೊನ್ನೆ!"

ಮೂರು ಗಂಟೆಗೆ ಎಂಜಿನ್ ಮೆಕ್ಯಾನಿಕ್ ಬಂದಳು. ಅವನನ್ನು ಇಳಿಸಿ, ಆಂಟೆನಾವನ್ನು ಉಗುರಿನಿಂದ ಕೆರೆದು ನೋಡಿ ಹಣೆ ಚಚ್ಚಿಕೊಂಡಳು. "ಅಣ್ಣಾ, ಇದು ಲೋಹದ ಪುಡಿ ಇರೋ ಬಣ್ಣ! ಕಣ್ಣಿಗೆ ಬಟ್ಟೆ ಕಟ್ಟಿ ಆಕಾಶ ನೋಡು ಅಂದ್ರೆ ಅದು ಹೇಗೆ ನೋಡುತ್ತೆ?"

ಬಣ್ಣ ಪೂರ್ತಿ ಉಜ್ಜಿ ತೆಗೆದು, ಅದನ್ನು ಮೊದಲಿದ್ದ ಕ್ಯಾಬಿನ್ ಮೇಲೆಯೇ ಕೂರಿಸಿದಳು. ಮೂರು, ಏಳು, ಹನ್ನೊಂದು ಉಪಗ್ರಹ! ಬಂದರಿಗೆ ಬಂದರೇ ಚಪ್ಪಾಳೆ ತಟ್ಟಿತು. ಮಾವನೂ ತಟ್ಟಿದರು, ಸ್ವಲ್ಪ ಮೆಲ್ಲಗೆ. ಗಿರಕಿ ಕುಣಿಯುತ್ತ ಹೆಂಡತಿಯನ್ನು ಕರೆತರಲು ಮನೆಗೆ ಓಡಿದ.

ಸರಿಯಾಗಿ ನಾಲ್ಕಕ್ಕೆ ಅವಳು ಬಂದು ಪರದೆ ನೋಡಿದಳು. "ಸೊನ್ನೆ ಅಂತಿದೆಯಲ್ರೀ."

ಗಿರಕಿ ತಲೆಯೆತ್ತಿದ. ಆಂಟೆನಾ ಮತ್ತೆ ಬೆಳ್ಳಿಯಾಗಿತ್ತು. ಈ ಸಲ ಎರಡು ಕೋಟು, ಇನ್ನೂ ಹಸಿ.

"ಮತ್ತೆ ಯಾಕೆ ಬಳಿದೆ ಮಾರಾಯ್ತಿ?"

"ನಾನಾ? ಇವತ್ತು ಈ ಕಡೆ ತಲೆ ಹಾಕಿದ್ದೇ ಈಗ!"

ಅಷ್ಟರಲ್ಲಿ ಮಾವ ಬ್ಯಾಗು ಹಿಡಿದು ದೋಣಿ ಹತ್ತಿಯಾಗಿತ್ತು. ಅವಸರದ ಕೆಲಸವಿರಬೇಕು, ಹಿಡಿಕೆಯ ಮೇಲಿದ್ದ ಐದು ಬೆರಳೂ ಬೆಳ್ಳಿ. ಮುಖದಲ್ಲಿ ಮಾತ್ರ ಮದುಮಗನ ಕಳೆ.

ಗಿರಕಿ ಬಾಯಿ ತೆರೆದ. ಹೆಂಡತಿ ಅವನ ತೋಳು ಹಿಡಿದಳು. "ಅಪ್ಪ ಇಷ್ಟು ನಕ್ಕಿದ್ದು ನೋಡಿ ಎಷ್ಟು ದಿನ ಆಯ್ತು! ಸುಮ್ನೆ ಹೊರಡಿ."

ಅವನು ಹೋಗಿ ಎಂಜಿನ್ ಚಾಲೂ ಮಾಡಿದ. ದೋಣಿ ಬಂದರು ದಾಟುವ ಮೊದಲೇ ಮಾವ ಕಾಲು ಚಾಚಿ ಕೂತು ಶುರುಮಾಡಿದರು:

"ಹೋದ ವಾರ ಏನಾಯ್ತು ಗೊತ್ತಾ? ಒಬ್ಬ ಬಂದು ನನ್ನನ್ನೇ ಕೇಳ್ತಾನೆ, ಇದು ಯಾವ ಊರು ಅಂತ..."