ನಾಲ್ಕು ಕಿಂಡಿಯ ಮೋಡೆಮ್

ಆ ಗೋಡೆಗೆ ತೂತು ಹೊಡೆದವರು ಯಾರು ಎಂಬುದು ನನಗೆ ಖಚಿತವಿರಲಿಲ್ಲ. ನನ್ನ ಕಣ್ಣಿಗೆ ಕಟ್ಟಿದ ಚಿತ್ರದಲ್ಲಿ ಬ್ಯಾಡಗಿಯ ನನ್ನ ಸೋದರಮಾವ ಕುಕ್ಕರಗಾಲಲ್ಲಿ ಕೂತು, ಹುಬ್ಬಿನ ತುಂಬ ಇಟ್ಟಿಗೆ ಪುಡಿ ಮೆತ್ತಿಕೊಂಡು, ಡ್ರಿಲ್ ಹಿಡಿದಿದ್ದಾರೆ. ಆದರೆ ಅದೇ ಚಿತ್ರದಲ್ಲಿ ಅವರ ತಲೆಯ ಮೇಲೆ ದಟ್ಟ ಕಪ್ಪು ಕೂದಲಿದೆ. ಆ ಹೊತ್ತಿಗೆ ಮಾವನ ತಲೆ ಪೂರಾ ಬೋಳಾಗಿತ್ತು. ಇಂಥ ನೆನಪನ್ನು ನಂಬುವುದು ಹೇಗೆ? ಧಾರವಾಡದ ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಸಂಶಯಿಸಲು ಕಲಿತೆ. ಆ ಸಂಶಯ ಈಗ ನನ್ನ ತಲೆಯ ಮೇಲೇ ಬಂದು ಕೂತಿದೆ.

ಒಂದು ಮಾತು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಮೋಡೆಮನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ ಖರೀದಿ ಮಾಡಿದವರು ಈ ಭೂಮಿಯ ಮೇಲೆ ನಮ್ಮ ಮಾವ ಒಬ್ಬರೇ!

ಮಾವನದು ಮೆಣಸಿನಕಾಯಿ ಬೆಳೆ. ಸುಗ್ಗಿಯಲ್ಲಿ ಹಿತ್ತಲ ತುಂಬ ಕೆಂಪು ಹಾಸು. ಅಕಾಲದ ಒಂದು ಮಳೆ ಬಿದ್ದರೆ ಬಣ್ಣ ಹೋಯಿತು, ಬಣ್ಣ ಹೋದರೆ ಮಾಲು ಹೋಯಿತು. ಹಾಗಾಗಿ ಅವರು ಮನೆಗೆ ಇಂಟರ್ನೆಟ್ ಹಾಕಿಸಿಕೊಂಡದ್ದು ಒಂದೇ ಕೆಲಸಕ್ಕೆ: ಉಪಗ್ರಹ ತೆಗೆದ ಮೋಡದ ಚಿತ್ರ ನೋಡಲು. ಫೋನಿನ ಗೆರೆಯ ಮೇಲೆ ಕಿರುಚಾಡುತ್ತ ಬರುತ್ತಿದ್ದ ಆ ಹಳೆಯ ಇಂಟರ್ನೆಟ್ಟಿನಲ್ಲಿ ಚಿತ್ರ ಪೂರ್ತಿ ಇಳಿಯುವ ಹೊತ್ತಿಗೆ ಹೊರಗೆ ಮಳೆಯೇ ಇಳಿದಿರುತ್ತಿತ್ತು. ಅಪ್ಪಿತಪ್ಪಿ ಚಿತ್ರ ಮೊದಲು ಬಂದರೆ ಮಾವ ಹಿತ್ತಲಿಗೆ ಓಡಿ, ಗೋಡೆಗೆ ಮುಖ ಮಾಡಿ ನಿಂತು ಕೂಗುತ್ತಿದ್ದರು: "ಮೋಡ ಬರಾಕತ್ತಾವು! ತಾಡಪತ್ರಿ ಹೊಚ್ಚ್ರಿ!"

ಅತ್ತೆ ಪಕ್ಕದಲ್ಲೇ ತಾಡಪತ್ರಿ ಹಿಡಿದು ನಿಂತಿರುತ್ತಿದ್ದಳು. ಕೂಗು ಅವಳಿಗಲ್ಲ. ಗೋಡೆಯಾಚೆಯ ಸಣ್ಣ ಮಾವನಿಗೆ.

ಅಣ್ಣತಮ್ಮಂದಿರ ಆಸ್ತಿ ವಾಟಣಿಯಾಗಿ, ಪಾಲು ಬೇರೆಯಾಗಿ, ಮನೆಯ ನಡುವೆ ಗೋಡೆ ಎದ್ದು, ಮಾತು ನಿಂತು ವರ್ಷಗಳಾಗಿದ್ದವು. ಜಗಳ ಯಾಕಾಯಿತೆಂದು ಕೇಳಿದರೆ ದೊಡ್ಡವರು ಒಂದು ಕಾರಣ ಹೇಳುತ್ತಿದ್ದರು, ಸಣ್ಣವರು ಇನ್ನೊಂದು, ಇಬ್ಬರ ಅಕ್ಕನಾದ ನಮ್ಮ ಅವ್ವ ಮೂರನೆಯದು. ಎಲ್ಲವನ್ನೂ ಹಂಚಿಕೊಂಡಿದ್ದರು, ಬಾವಿಯೊಂದನ್ನು ಬಿಟ್ಟು. ಗೋಡೆ ಬಾವಿಯ ತನಕ ಬಂದು ನಿಂತು, ಆಚೆಗೆ ಮತ್ತೆ ಶುರುವಾಗುತ್ತಿತ್ತು. ಮಾವ ಕೂಗಿದ ಕೂಡಲೇ ಆಚೆ ಕಡೆ ತಾಡಪತ್ರಿ ಸರಸರ ಎನ್ನುತ್ತಿತ್ತು. ಉತ್ತರ ಮಾತ್ರ ಬರುತ್ತಿರಲಿಲ್ಲ.

ಹೊಸ ಕಂಪನಿಯೊಂದು ಬ್ರಾಡ್‌ಬ್ಯಾಂಡ್ ತಂದಾಗ ಮಾವ ಹಳೆಯದನ್ನು ಬಿಡುವುದೆಂದು ನಿಶ್ಚಯಿಸಿದರು. ಮೋಡೆಮ್ ನೀವೇ ಆರಿಸಿ ತರಬಹುದು ಎಂದಿದ್ದರು ಕಂಪನಿಯವರು. ಪಾಪ, ಯಾರಿಗೆ ಹೇಳುತ್ತಿದ್ದೇವೆಂದು ಅವರಿಗೇನು ಗೊತ್ತು?

ನನ್ನನ್ನು ಕರೆದುಕೊಂಡು ಮೊದಲು ರಾಣೆಬೆನ್ನೂರಿಗೆ ಹೋದರು. ಅಂಗಡಿಯವನು ಪುಟ್ಟ ಕರಿ ಪೆಟ್ಟಿಗೆ ಕೊಟ್ಟ. ಮಾವ ತೂಗಿದರು, ಮೂಸಿದರು, ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಸಪ್ಪಳನ ಇಲ್ಲಲ್ಲೋ ತಮ್ಮಾ."

"ಸಪ್ಪಳ ಬಂದ್ರ ಕೆಟ್ಟೈತಿ ಅಂತರಿ, ಯಜಮಾನ್ರ."

"ನಮ್ಮ ಮೆಣಸಿನಕಾಯಿ ಧಂದೆದಾಗ ಬೀಜದ ಸಪ್ಪಳ ಬರಲಿಲ್ಲಂದ್ರ ಹಸಿ ಐತಿ ಅಂತ ಲೆಕ್ಕ," ಎಂದು ಮಾವ ಪೆಟ್ಟಿಗೆ ತಿರುವಿ ಹಿಂಭಾಗದಲ್ಲಿ ವೈರು ಚುಚ್ಚುವ ಜಾಗ ನೋಡಿದರು. "ಒಂದ ಕಿಂಡಿ ಐತಲ್ಲ?"

"ಒಂದು ಕಂಪ್ಯೂಟರಿಗೆ ಒಂದ ಸಾಕ್ರಿ."

"ಒಲ್ಲೆ ಬಿಡು."

ಹಾವೇರಿಯ ಅಂಗಡಿಯಲ್ಲಿ ನಾಲ್ಕು ಕಿಂಡಿಯದು ಸಿಕ್ಕಿತು. "ಆಫೀಸಿಗೇನ್ರಿ?" ಎಂದ ಅಂಗಡಿಯವನು.

"ಮನೀಗೆ."

"ಒಂದ ಎಮ್ಮಿಗೆ ಮೇವು ಹಾಕಾಕ ನಾಲ್ಕು ಗ್ವಾದಲಿ ಯಾಕ ಮಾವಾ?" ಎಂದು ನಾನು ನಡುವೆ ಬಾಯಿ ಹಾಕಿದೆ.

ಮಾವ ರಸ್ತೆಯ ಕಡೆ ನೋಡುತ್ತ ಹೇಳಿದರು: "ಗ್ವಾಡಿ ಆಚೆ ಅವನ ಮನೀಗೂ ಕಂಪ್ಯೂಟರ್ ಡಬ್ಬಿ ಬಂದದ್ದು ನೋಡೀನಿ. ನಾ ಊರಾಗ ಇಲ್ಲದಾಗ ಮೋಡ ಬಂದ್ರ ಅವಗ ಕೂಗಾವ್ರು ಯಾರು? ಬಾವಿ ಹಂಚಕೊಂಡೇವೇನು? ಇದೂ ಬಾವಿ ಅಂತ ತಿಳಿ."

ಅಂಗಡಿಯವನು ಉತ್ಸಾಹದಿಂದ ಆಂಟೆನಾ ಕೋಲಿರುವ ಇನ್ನೊಂದನ್ನು ತಂದ. "ಹಂಗಾರ ಇದು ಒಯ್ರಿ. ವೈರ್ ಬ್ಯಾಡ, ಗ್ವಾಡಿ ದಾಟಿ ತಾನ ಹೋಗತೈತಿ. ಪಾಸ್‌ವರ್ಡ್ ಹೇಳಿದ್ರ ಆತು."

"ಪಾಸ್‌ವರ್ಡ್ ಹೇಳುವಂಗಿದ್ರ ನಾ ಹಾವೇರಿ ತನಕ ಯಾಕ ಬರ್ತಿದ್ನೋ?" ಎಂದರು ಮಾವ. "ಕಣ್ಣಿಗೆ ಕಾಣೂ ವೈರ್ ಬೇಕು. ಬೇಕಂದ್ರ ಹಿಡದು ಎಳಕೊಬೇಕು, ಬ್ಯಾಡಂದ್ರ ಬಿಡಬೇಕು. ಮಾತಾಡೂ ಪ್ರಸಂಗ ಬರಬಾರದು."

ಮೋಡೆಮ್ ಮನೆಗೆ ಬಂತು. ಮೊದಲ ಕಿಂಡಿಗೆ ಮಾವನ ಕಂಪ್ಯೂಟರ್. ಎರಡನೆಯದಕ್ಕೆ ಉದ್ದನೆಯ ವೈರು. ಅದರ ಇನ್ನೊಂದು ತುದಿಯನ್ನು ಸುರುಳಿ ಸುತ್ತಿ ಗೋಡೆಯ ಬುಡಕ್ಕಿಟ್ಟರು. ಆಮೇಲೆ ಗೋಡೆಯ ಕಡೆ ತಿರುಗಿ, "ಅಳಿಯಾ, ಎರಡನೇ ಕಿಂಡಿ ಖಾಲಿ ಐತಿ!" ಎಂದು ಚೀರಿದರು.

"ಇಲ್ಲೇ ಅದೇನಿ ಮಾವಾ, ಕಿವುಡಿಲ್ಲ."

"ನಿನಗಲ್ಲ."

ಹಾಗಾದರೆ ತೂತು ಹೊಡೆದುಬಿಡಿ ಎಂದೆ. "ಅರ್ಧ ಗ್ವಾಡಿ ಅವಂದು," ಎಂದರು ಮಾವ. ಇದಕ್ಕೆ ಯಾವ ತರ್ಕಶಾಸ್ತ್ರದಲ್ಲಿ ಉತ್ತರವಿದೆ?

ನಾನು ಧಾರವಾಡಕ್ಕೆ ಮರಳಿದೆ. ಫೋನ್ ಮಾಡಿದಾಗಲೆಲ್ಲ ಅತ್ತೆಯದು ಒಂದೇ ವರದಿ: "ನಿಮ್ಮ ಮಾವ ದೇವರ ದೀಪ ನೋಡೂದು ಬಿಟ್ಟಾರ. ಆ ಡಬ್ಬಿ ದೀಪ ನೋಡಕೋತ ಕುಂದ್ರತಾರ." ಎರಡನೆಯ ಕಿಂಡಿಯ ದೀಪ ಹತ್ತಿರಲಿಲ್ಲ. ಮುಂದಿನ ಸುಗ್ಗಿಯಲ್ಲಿ ಹೋದಾಗ ನೋಡುತ್ತೇನೆ, ಎರಡೂ ಹಸಿರು ದೀಪಗಳು ಪಟಪಟ ಮಿಣುಕುತ್ತಿವೆ. ವೈರು ಕಪಾಟಿನ ಹಿಂದೆ ಹೋಗಿ ಮಾಯವಾಗಿದೆ.

"ತೂತು ಯಾರು ಹೊಡದ್ರು ಮಾವಾ?"

"ನಾನ," ಎಂದರು, ನನ್ನ ಕಡೆ ನೋಡದೆ.

ಅಂದೇ ಮಧ್ಯಾಹ್ನ ಪರದೆಯ ಮೇಲೆ ಮೋಡ ಕಾಣಿಸಿತು. ಮಾವ ಓಡಲಿಲ್ಲ, ಬಾಗಿಲಲ್ಲೇ ನಿಂತರು. ಕೂಗದೆಯೇ ಆಚೆ ತಾಡಪತ್ರಿಯ ಸಪ್ಪಳ ಕೇಳಿಸಿತು. ಬಯಸಿದ್ದು ಕೈಗೂಡಿದವರ ಮುಖ ಅಷ್ಟು ಸಣ್ಣದಾಗುವುದನ್ನು ನಾನು ಕಂಡಿರಲಿಲ್ಲ. "ಇನ್ನ ಕೂಗೂ ಕೆಲಸನೂ ಇಲ್ಲ," ಎಂದರು. ಆದರೂ ತಡೆಯಲಾರದೆ ಗೋಡೆಯ ಹತ್ತಿರ ಹೋಗಿ ಕೂಗಿಯೇ ಬಿಟ್ಟರು: "ಮೋಡ ಬರಾಕತ್ತಾವು!"

ಆಚೆಯಿಂದ ದನಿ ಬಂತು: "ನೋಡೀನಿ ಬಿಡೋ ಅಣ್ಣಾ."

ಮಾವ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಇದನ್ನು ನಾನೇ ಕೇಳಿದೆನೋ, ಅತ್ತೆ ಹೇಳಿ ಹೇಳಿ ನನ್ನದಾಯಿತೋ, ಅದೂ ಗೊತ್ತಿಲ್ಲ. ಆಮೇಲೂ ಅಣ್ಣತಮ್ಮಂದಿರು ಹೆಚ್ಚೇನೂ ಮಾತಾಡಲಿಲ್ಲ. ಮೋಡದ ದಿನ ಒಂದು ಕೂಗು, ಒಂದು ಉತ್ತರ.

ಮಾವ ತೀರಿಕೊಂಡ ದಿನ ಬಂದವರಿಗೆಲ್ಲ ಸಣ್ಣ ಮಾವ ಹೇಳುತ್ತಿದ್ದರು: "ಅಣ್ಣ ತಾನ ಮುಂದಾಗಿ ತೂತು ಹೊಡದಾ. ನನಗ ಅಷ್ಟು ದೊಡ್ಡ ಮನಸು ಇರಲಿಲ್ರಿ." ಇಬ್ಬರ ಸಾಕ್ಷಿಯೂ ಒಂದೇ ಆದ ಮೇಲೆ ನನ್ನ ತಲೆಯೊಳಗೆ ಡ್ರಿಲ್ ಹಿಡಿದ ಮಾವ ಖಾಯಂ ಆಗಿ ಕೂತರು, ಕಪ್ಪು ಕೂದಲಿನ ಸಮೇತ.

ಹೋದ ಸಲ ಸುಣ್ಣ ಬಳಿಯುವಾಗ ಕಪಾಟು ಸರಿಸಬೇಕಾಯಿತು. ಗೋಡೆ ಕೊರೆದವರಿಗೆ ಗೊತ್ತು: ಡ್ರಿಲ್ ಒಳಹೊಕ್ಕ ಕಡೆ ತೂತು ದುಂಡಗಿರುತ್ತದೆ, ಹೊರಬಿದ್ದ ಕಡೆ ಗಿಲಾವು ಒಡೆದು ಉದುರುತ್ತದೆ. ನಾನು ಎರಡೂ ಮನೆಗಳಲ್ಲಿ ನೆಲಕ್ಕೆ ಬಗ್ಗಿ ನೋಡಿ ಬಂದೆ. ಗಿಲಾವು ಉದುರಿದ್ದು ದೊಡ್ಡ ಮಾವನ ಕಡೆ. ಸಣ್ಣ ಮಾವನ ಕಡೆ ತೂತು ದುಂಡಗೆ ಇತ್ತು.